ಯಾವುದಕ್ಕೂ ಜೋಡಿಸದ ಲಿವರ್

ಭೂಮಿಯ ದಕ್ಷಿಣಾರ್ಧದಲ್ಲಿ ಕ್ಲಾರಿ ಹಾಸ್ಕಿನ್‌ನಷ್ಟು ಚೆನ್ನಾಗಿ ಬೋಲ್ಟ್ ಬಿಗಿಯುವವನು ಇನ್ನೊಬ್ಬನಿಲ್ಲ. ಇದು ಮರ್ರಂಬೀ ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಕ್ಲಾರಿಯೇ ಹೇಳಿದ್ದ, ಮೂವತ್ತೆಂಟು ವರ್ಷಗಳಿಂದ ದಿನಕ್ಕೆ ನೂರು ಸಲ ಹೇಳಿದ್ದ. ಉತ್ತರಾರ್ಧದಲ್ಲಿ ಯಾರಾದರೂ ಇರಬಹುದು, ತಾನು ಅತ್ತ ಹೋಗಿಲ್ಲ, ನೋಡದೆ ಹೇಳುವುದು ತನ್ನ ಜಾಯಮಾನವಲ್ಲ ಎಂದು ಕೊನೆಗೆ ಒಂದು ಚಿಟಿಕೆ ವಿನಯವನ್ನೂ ಉದುರಿಸುತ್ತಿದ್ದ. ಆ ಮಂಗಳವಾರ ಬೆಳಿಗ್ಗೆ ಎಂಟಕ್ಕೇ ಎಂಥ ಬಿಸಿಲೆಂದರೆ, ತಗಡಿನ ಶೆಡ್ಡಿನ ಹೊರಗೆ ಹಲ್ಲಿಗಳು ಪಾದ ಸುಡುತ್ತದೆಂದು ಎರಡು ಕಾಲು ಎತ್ತಿಕೊಂಡು ಉಳಿದೆರಡರಲ್ಲೇ ಓಡಾಡುತ್ತಿದ್ದವು. ನೊಣಗಳು ನೆರಳಿಗಾಗಿ ಒಂದರ ಕೆಳಗೊಂದು ಹಾರುತ್ತಿದ್ದವು. ಒಳಗೆ ಕ್ಲಾರಿ ಬಿಸ್ಕೆಟ್ಟಿನ ಹಳೆಯ ಡಬ್ಬಿಯೊಂದನ್ನು ಬೆಂಚಿನ ಮೇಲಿಟ್ಟು, ಒಳಗಿರುವುದೇನೋ ಮುಚ್ಚಳವನ್ನು ತಳ್ಳಿಕೊಂಡು ಎದ್ದುಬಿಡುತ್ತದೆಂಬಂತೆ ಅದರ ಮೇಲೆ ಅಂಗೈ ಊರಿ ನಿಂತಿದ್ದ. ಡಬ್ಬಿಯಲ್ಲಿದ್ದದ್ದು ಬೈಕಿನ ಒಂದು ಗೇರ್ ಲಿವರ್, ಎಡಪಾದದಿಂದ ಒತ್ತುವಂಥದು. ಹನ್ನೊಂದು ತಿಂಗಳಿಂದ ಅಲ್ಲೇ ಇತ್ತು. ಹತ್ತು ಗಂಟೆಗೆ ಬ್ರೈಡಿ ಕಾನ್ಸಿಡೈನ್ ಬೈಕು ಒಯ್ಯಲು ಬರುವವಳಿದ್ದಳು.

ಬೈಕು ಶೆಡ್ಡಿನ ನಡುವೆ ಮದುವಣಗಿತ್ತಿಯ ಹಾಗೆ ನಿಂತಿತ್ತು. ಕೆಂಪು ಬಣ್ಣದ, ಅಂಚೆಯವರು ಓಡಿಸುವಂಥ ಪುಟ್ಟ ಬೈಕು. ಕ್ಲಚ್ಚು ತಾನೇ ಹಿಡಿದು ತಾನೇ ಬಿಡುವ ಎಂಜಿನ್ನು, ಆದ್ದರಿಂದ ಎಡಗೈಗೆ ಕೆಲಸವಿಲ್ಲ. ಆ ನಿರುದ್ಯೋಗಿ ಎಡಗೈಗೆ ಕ್ಲಾರಿ ನೌಕರಿ ಕೊಟ್ಟಿದ್ದ. ಗೇರು ಪೆಟ್ಟಿಗೆಯಿಂದ ಒಂದು ಕಡ್ಡಿಯನ್ನು ಟ್ಯಾಂಕಿನ ಪಕ್ಕದವರೆಗೆ ಏರಿಸಿ, ತುದಿಗೆ ಕುರಿಕೊಂಬಿನ ಹಿಡಿ ಕೂರಿಸಿದ್ದ. ಮುಂದೆ ತಳ್ಳಿದರೆ ಒಂದು ಗೇರು, ಹಿಂದೆ ಎಳೆದರೆ ಇನ್ನೊಂದು. ಹಿಂದಿನ ಬ್ರೇಕು, ಕಿಕ್ಕರು ಬಲಗಾಲಿನವೇ, ಅವನ್ನು ಮುಟ್ಟಬೇಕಾಗಿರಲಿಲ್ಲ. ಸ್ಟ್ಯಾಂಡನ್ನು ಕೈಯಿಂದ ಎತ್ತಲು ಒಂದು ಕೊಕ್ಕೆ. ಎಡಪಾದ ಇಡುವಲ್ಲಿ ಒಂದು ಅಯಸ್ಕಾಂತ, ಬ್ರೈಡಿಯ ಕೃತಕ ಕಾಲಿನ ಬೂಟಿನಡಿ ಒಂದು ಕಬ್ಬಿಣದ ತಗಡು. ಹಳ್ಳದಿಣ್ಣೆಯಲ್ಲಿ ಕಾಲು ಹಾರಬಾರದು, ಆದರೆ ಬಿದ್ದರೆ ಬೈಕು ಕಾಲನ್ನು ಬಿಟ್ಟುಬಿಡಬೇಕು. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಆ ಒಂದು ಅಯಸ್ಕಾಂತಕ್ಕಾಗಿ ಮೂರು ವಾರ ತಲೆ ಕೆಡಿಸಿಕೊಂಡಿದ್ದ. ಬಿಡುವುದು ಮುಖ್ಯ. ಹನ್ನೊಂದು ತಿಂಗಳ ಹಿಂದೆ, ಅವಳು ಬಿದ್ದ ದಿನ, ಬೈಕು ಬಿಟ್ಟಿರಲಿಲ್ಲ. ಒಣಗಿದ ತೊರೆಯ ದಡ ಹತ್ತುವಾಗ ಹಿಮ್ಮುಖವಾಗಿ ಮಗುಚಿ, ಅವಳ ಎಡಗಾಲನ್ನು ಕಲ್ಲಿಗೆ ಒತ್ತಿ ಹಿಡಿದು, ಆರು ಗಂಟೆ ಕಾಲ ಬಿಡಲೇ ಇಲ್ಲ. ಅವಳ ತಂಗಿ ಹುಡುಕಿಕೊಂಡು ಬರುವವರೆಗೂ. ಆರು ಗಂಟೆ ರಕ್ತ ಕಾಣದ ಕಾಲನ್ನು ಆಸ್ಪತ್ರೆಯವರು ಮೊಣಕಾಲಿನ ಮೇಲಿನಿಂದಲೇ ತೆಗೆದರು. ಆ ದಡ ನಲವತ್ತು ಅಡಿ ಎತ್ತರವಿತ್ತು, ಚರ್ಚಿನ ಗೋಪುರದಷ್ಟು, ಎಂದು ಕ್ಲಾರಿ ಹೋಟೆಲಿನ ಕಟ್ಟೆಗೆ ಒರಗಿ ಎಲ್ಲರಿಗೂ ಹೇಳಿದ್ದ. ದಡ ಎತ್ತರವಾದಷ್ಟೂ ಒಳ್ಳೆಯದಿತ್ತು.

‘ನನ್ನ ಹಳೇ ಲಿವರ್ ಹಾಕು ಕ್ಲಾರಿ,’ ಎಂದಿದ್ದಳು ಹೋದ ವಾರ ಫೋನಿನಲ್ಲಿ. ಇನ್ನೂ ಏನು ಲಿವರ್ ಹುಡುಗಿ, ಈಗ ಗೇರೆಲ್ಲ ಕೈಯಲ್ಲೇ ಅಲ್ವಾ, ಎಂದು ಅವನು ನಕ್ಕಿದ್ದ. ಆ ಕಡೆಯಿಂದ ಸ್ವಲ್ಪ ಹೊತ್ತು ಕುರಿಗಳ ಸದ್ದು ಮಾತ್ರ ಕೇಳಿತ್ತು. ‘ಗೊತ್ತು. ಯಾವುದಕ್ಕೂ ಜೋಡಿಸ್ಬೇಡ. ಸುಮ್ನೆ ಅಲ್ಲಿರ್ಲಿ. ಆ ಕಾಲು ಇದೆ ಕಣೋ, ಹೋಗಿಲ್ಲ. ಸ್ನಾನ ಮಾಡುವಾಗ ಇರುತ್ತೆ, ಊಟಕ್ಕೆ ಕೂತ್ರೆ ಮೇಜಿನ ಕೆಳಗೆ ಇರುತ್ತೆ. ಇಡೀ ದಿನ ಲಿವರ್ ಹುಡುಕ್ತಾ ಇರುತ್ತೆ. ಹತ್ತೊಂಬತ್ತು ವರ್ಷ ಒಂದ್ಸಲವೂ ತಪ್ಪದೇ ಇದ್ದ ಕಾಲು ಅವತ್ತು ಯಾಕೆ ತಪ್ತು ಅಂತ ನಂಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ. ಒಂದನೇ ಗೇರಿಗೆ ಒತ್ತಿದೆ, ಸಿಗ್ಲಿಲ್ಲ. ಈಗ ಹತ್ತೋವಾಗ ಅದು ಹುಡುಕಿ, ಏನೂ ಸಿಗದೆ ಹೋದ್ರೆ, ನಾನು ಬಿದ್ಬಿಡ್ತೀನಿ. ಇದನ್ನ ಬೇರೆ ಯಾರಿಗೂ ಹೇಳ್ಬೇಡ, ಹುಚ್ಚು ಅಂತಾರೆ.’ ಕ್ಲಾರಿ ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಹೇಳಿದ್ದ: ಲಿವರ್ ಮುರಿದುಹೋಗಿದೆ, ಬಿದ್ದಾಗಲೇ ಎರಡು ತುಂಡಾಯಿತು. ‘ಹಾಗಾದ್ರೆ ಬೆಸುಗೆ ಹಾಕು. ಒಡೆದ ಮೊಟ್ಟೆಗೂ ಬೆಸುಗೆ ಹಾಕ್ತೀನಿ ಅಂತಿರ್ತೀಯಲ್ಲ,’ ಎಂದು ಅವಳು ಫೋನಿಟ್ಟಿದ್ದಳು.

ಡಬ್ಬಿ ತೆರೆದ. ಲಿವರ್ ಮುರಿದಿರಲಿಲ್ಲ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅವಳ ಬೂಟು ಉಜ್ಜಿ ಉಜ್ಜಿ ಹೊಳಪಾದ ತುದಿ ತಗಡಿನ ಸಂದಿಯ ಬೆಳಕಿಗೆ ಕಣ್ಣು ಹೊಡೆದಂತಾಯಿತು. ಅವಳನ್ನು ಹೆಲಿಕಾಪ್ಟರಿನಲ್ಲಿ ಒಯ್ದ ಮರುದಿನ ಬೈಕು ತರಲು ತೊರೆಗೆ ಹೋದವನು ಅವನೊಬ್ಬನೇ. ಲಿವರ್ ತನ್ನ ಅಕ್ಷದ ಮೇಲೆ ಸತ್ತ ಕೈಯ ಹಾಗೆ ಜೋತುಬಿದ್ದಿತ್ತು. ಅದನ್ನು ಬಿಗಿಹಿಡಿಯಬೇಕಾದ ಪುಟ್ಟ ಬೋಲ್ಟು, ಹತ್ತನೇ ನಂಬರಿನದು, ಸ್ಪ್ಯಾನರ್ ಬೇಕಾಗದೆ ಬೆರಳಿಗೇ ತಿರುಗಿ ಬಂತು. ಅವನು ತಿರುಗಿಸಿ ನೋಡಿದ್ದ, ಎಷ್ಟು ಸುತ್ತು ಸಡಿಲವಿದೆಯೆಂದು ಎಣಿಸಿದ್ದ ಕೂಡ. ಸುತ್ತ ಯಾರೂ ಇರಲಿಲ್ಲ, ಒಂದು ಕಾಗೆಯ ಹೊರತು. ಕಾಗೆಗೂ ಅವನು ಏನೋ ಒಂದು ಸಮಜಾಯಿಷಿ ಹೇಳಿದ್ದು ನೆನಪಿತ್ತು. ಬೋಲ್ಟುಗಳನ್ನು ಮೊದಲು ಎಲ್ಲವನ್ನೂ ಬೆರಳಲ್ಲಿ ಕೂರಿಸುವುದು, ಆಮೇಲೆ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬಂದು ಬಿಗಿಯುವುದು ಅವನ ಪದ್ಧತಿ; ಅವನಪ್ಪನ ಪದ್ಧತಿಯೂ ಹೌದು. ಬ್ರೈಡಿಯ ಬೈಕಿನ ಸರ್ವಿಸ್ ಮಾಡಿದ ದಿನ, ಬೆರಳಿಗೂ ಸ್ಪ್ಯಾನರಿಗೂ ನಡುವೆ, ಒಂದು ಕಥೆ ಬಂದುಬಿಟ್ಟಿತ್ತು. ನೆರೆ ಬಂದ ವರ್ಷ ಅಂಚೆಯ ಲಾರಿಯನ್ನು ತಾನೊಬ್ಬನೇ ಹಗ್ಗ ಕಟ್ಟಿ ಎಳೆದ ಕಥೆ. ಲಾರಿ ಆ ದಿನ ಎಂದಿಗಿಂತ ಭಾರವಾಯಿತು, ನೀರು ಎಂದಿಗಿಂತ ಆಳವಾಯಿತು, ಮೊಸಳೆಯೂ ಒಂದು ಬಂತು. ಕಥೆ ಮುಗಿಯುವ ಹೊತ್ತಿಗೆ ಸ್ಪ್ಯಾನರನ್ನು ಒರೆಸಿ ಮೊಳೆಗೆ ನೇತುಹಾಕಿಯಾಗಿತ್ತು. ಕೈ ಕೆಲಸ ಮುಗಿಯಿತೆಂದು ನಂಬಿತ್ತು. ಒಂದು ಮೊಸಳೆಗಾಗಿ. ಅದೂ ಮೊಸಳೆಯೇ ಇಲ್ಲದ ಸೀಮೆಯಲ್ಲಿ.

ಸರಿ, ಸುಳ್ಳನ್ನು ನಿಜ ಮಾಡಿದರಾಯಿತು ಎಂದು ಅವನು ಲಿವರನ್ನು ಬೆಂಚಿನ ವೈಸಿನ ಕಬ್ಬಿಣದ ದವಡೆಯಲ್ಲಿ ಕಚ್ಚಿಸಿ ಸುತ್ತಿಗೆ ಎತ್ತಿದ. ಎರಡು ತುಂಡು ಮಾಡಿ, ಮತ್ತೆ ಬೆಸೆದು, ಬೆಸುಗೆಯ ಗಂಟು ಕಾಣುವಂತೆ ಬಿಟ್ಟರೆ, ಫೋನಿನಲ್ಲಿ ಹೇಳಿದ ಮಾತು ಉಳಿಯುತ್ತದೆ. ಹೊಡೆದ. ಸುತ್ತಿಗೆ ಹಾರಿ ಮೊಣಕೈವರೆಗೆ ಜುಮ್ಮೆಂದಿತು. ಮತ್ತೆ ಹೊಡೆದ. ಇಡೀ ಶೆಡ್ಡು ಗಂಟೆಯಂತೆ ಮೊಳಗಿತು, ಎದುರಿನ ಚರ್ಚಿನಲ್ಲಿ ಯಾರಾದರೂ ಪ್ರಾರ್ಥನೆಗೆ ಎದ್ದುನಿಂತರೂ ನಿಲ್ಲಬಹುದಿತ್ತು. ಲಿವರ್ ಮುರಿಯಲಿಲ್ಲ. ಊರಿನವರೆಲ್ಲ ಬಾಯಿ ಬಿಟ್ಟುಕೊಂಡು ಕೇಳುವ ಅವನ ಸುಳ್ಳಿಗೆ ಈ ಗೇಣುದ್ದದ ಕಬ್ಬಿಣ ಒಪ್ಪಲಿಲ್ಲ. ಬೆವರು ಕಣ್ಣಿಗಿಳಿದು ಉರಿಯಿತು. ಮೂರು ವಾರದ ಹಿಂದೆ ಹಿತ್ತಲಿನಲ್ಲಿ ಇದೇ ಬೈಕಿನಡಿ ಬಿದ್ದಿದ್ದಾಗಲೂ ಹೀಗೇ ಉರಿದಿತ್ತು. ಎಡಗಾಲನ್ನು ಮಡಚಿ ಬೆಲ್ಟಿನಿಂದ ತೊಡೆಗೆ ಬಿಗಿದು, ಒಂಟಿಕಾಲಿನಲ್ಲಿ ಓಡಿಸಿ ನೋಡೋಣವೆಂದು ಹೊರಟವನು ಹತ್ತು ಗಜ ದಾಟಲಿಲ್ಲ. ನಿಲ್ಲಿಸಿದ ಕೂಡಲೇ ಇಲ್ಲದ ಎಡಪಾದ ನೆಲ ಮುಟ್ಟಲು ಹೋಯಿತು, ನೆಲ ಮಾತ್ರ ಬಂದು ಮುಖಕ್ಕೆ ಮುಟ್ಟಿತು. ಬೈಕು ಮೇಲೆ, ಬೆಲ್ಟು ಬಿಚ್ಚಲು ಕೈ ಎಟಕುತ್ತಿಲ್ಲ. ಪಕ್ಕದ ಮನೆಯ ನಾಯಿ ಬಂದು ಕಿವಿ ನೆಕ್ಕಿತು. ಕಾಲು ಗಂಟೆ. ಎರಡು ನಿಮಿಷಕ್ಕೇ ಕೂಗಬೇಕೆನಿಸಿತ್ತು, ಆದರೆ ಯಾರಾದರೂ ಬಂದರೆ ಏನು ಹೇಳುವುದು. ಆರು ಗಂಟೆಯಲ್ಲಿ ಇಂಥ ಕಾಲು ಗಂಟೆಗಳು ಎಷ್ಟು ಎಂಬ ಲೆಕ್ಕ ತಾನಾಗಿಯೇ ಶುರುವಾಯಿತು, ನಿಲ್ಲಿಸಿದರೂ ನಿಲ್ಲಲಿಲ್ಲ. ಇಪ್ಪತ್ತನಾಲ್ಕು. ಆ ಸಂಜೆ ಮಾತ್ರ, ಒಂಟಿಕಾಲಿನಲ್ಲಿ ದೂರದ ಲಾಂಗ್‌ರೀಚ್ ಊರಿನವರೆಗೆ ಹೋಗಿ ಬಂದೆ, ದಾರಿಯಲ್ಲಿ ಇಬ್ಬರು ಪೊಲೀಸರು ಸೆಲ್ಯೂಟ್ ಹೊಡೆದರು ಎಂದು ಹೋಟೆಲಿನಲ್ಲಿ ಹೇಳಿದ. ಹೇಳುವಾಗ ನಾಲಿಗೆಯ ಮೇಲೆ ಹಿತ್ತಲಿನ ಮಣ್ಣು ಇನ್ನೂ ಇತ್ತು.

ಒಂಬತ್ತಕ್ಕೆ ನೆವ್ ಪರ್ಟೆಲ್ ಬಂದು ತನ್ನ ಬೋರಲು ಡ್ರಮ್ಮಿನ ಮೇಲೆ ಕೂತ. ಉಣ್ಣೆ ಕತ್ತರಿಸಿ ಕತ್ತರಿಸಿ ಸೊಂಟ ಕೊಕ್ಕೆಯಾದ ಮುದುಕ; ನಿವೃತ್ತನಾದಮೇಲೆ ದಿನಾ ಈ ಶೆಡ್ಡಿಗೆ ಬಂದು ಕೂರುವುದೇ ಅವನ ಉದ್ಯೋಗ. ಕುರಿಯ ಕೊಟ್ಟಿಗೆಯಲ್ಲಿ ದಿನಕ್ಕೆ ಉಣ್ಣೆ ಕತ್ತರಿಸಿದ ಕುರಿಗಳ ಲೆಕ್ಕಕ್ಕೆ ಗೆರೆ ಎಳೆಯುತ್ತಿದ್ದ ಸೀಮೆಸುಣ್ಣ ಅವನ ಜೇಬಿನಲ್ಲೇ ಉಳಿದುಬಿಟ್ಟಿತ್ತು. ಈಗ ಕ್ಲಾರಿಯ ಪ್ರತಿಯೊಂದು ಸುಳ್ಳಿಗೂ ಎದ್ದು ಹೋಗಿ ತಗಡಿನ ಗೋಡೆಗೆ ಒಂದು ಗೆರೆ ಎಳೆಯುತ್ತಿದ್ದ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಹನ್ನೆರಡು ವರ್ಷದ ಗೆರೆಗಳಿಂದ ಆ ಗೋಡೆ ಮಳೆ ಹಿಡಿದಂತೆ ಕಾಣುತ್ತಿತ್ತು. ಊರಿಗೆ ಹೊಸಬರು ಬಂದರೆ ಕರೆತಂದು ತೋರಿಸುತ್ತಿದ್ದರು. ಕ್ಲಾರಿಗೂ ಅದು ಪದಕದ ಹಾಗಿತ್ತು, ಹನ್ನೊಂದು ತಿಂಗಳ ಹಿಂದಿನವರೆಗೆ. ಆಮೇಲಿಂದ ಗೋಡೆಗೆ ಬೆನ್ನು ಮಾಡಿ ಕೆಲಸ ಮಾಡುವುದನ್ನು ರೂಢಿಸಿಕೊಂಡಿದ್ದ.

‘ಏನೋ, ಒಂಬತ್ತಾದ್ರೂ ಒಂದೂ ಸುಳ್ಳಿಲ್ಲ,’ ಎಂದ ನೆವ್. ‘ಹುಷಾರಿಲ್ವಾ?’

‘ಕೆಲಸ ಇದೆ ಮಾರಾಯ.’

‘ಇದಕ್ಕೆ ಗೆರೆ ಎಳೀಬೋದಾ?’

ಕ್ಲಾರಿ ಬೈಕಿನ ಎಡಕ್ಕೆ ಮಂಡಿಯೂರಿ ಕೂತ. ಪಾದದ ಕಡ್ಡಿಯ ಪಕ್ಕ, ಲಿವರ್ ಕೂರಿಸಲೆಂದೇ ಒಂದು ಮೋಟು ಅಕ್ಷವನ್ನು ಬೆಸೆದಿದ್ದ, ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಲಿವರನ್ನು ಅದಕ್ಕೆ ತೊಡಿಸಿದ. ಬೂಟಿನ ತುದಿ ಎಲ್ಲಿಗೆ ಬರುತ್ತದೆ ಎಂದು ಮನಸ್ಸಿನಲ್ಲೇ ಅವಳನ್ನು ಕೂರಿಸಿ ನೋಡಿ, ಅಕ್ಷದ ಒಂದು ಹಲ್ಲಿನಷ್ಟು ಮೇಲೆತ್ತಿದ, ಮತ್ತೆ ಇಳಿಸಿದ. ಇಲ್ಲದ ಕಾಲಿಗೆ ಅಳತೆ ನೋಡುವುದು ವಿಚಿತ್ರವಾಗಿತ್ತು, ಕಾಲಿದ್ದಾಗ ಇಷ್ಟು ನೋಡಿರಲಿಲ್ಲ ಎಂಬುದು ಅದಕ್ಕಿಂತ. ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ. ಹೊರಗೆ ಗಾಡಿ ಬಂದು ನಿಂತ ಸದ್ದು; ಬಾಗಿಲು; ಮರಳಿನ ಮೇಲೆ ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ಹತ್ತಕ್ಕೆ ಬರುವವಳು ಮುಕ್ಕಾಲು ಗಂಟೆ ಮೊದಲೇ ಬಂದಿದ್ದಳು.

ನಲವತ್ತನಾಲ್ಕರ ಬ್ರೈಡಿ ಬಾಗಿಲಲ್ಲಿ ಟೋಪಿ ತೆಗೆದು ಹಣೆ ಒರೆಸಿಕೊಂಡಳು. ಹನ್ನೆರಡು ಸಾವಿರ ಕುರಿಗಳನ್ನು ತಂಗಿಯೊಬ್ಬಳ ಜೊತೆ ನೋಡಿಕೊಳ್ಳುವವಳು. ಅವಳು ಒಮ್ಮೆ ಗದರಿದರೆ ಪಕ್ಕದ ಜಿಲ್ಲೆಯ ಕುರಿಗಳೂ ಸಾಲಾಗಿ ನಿಲ್ಲುತ್ತವೆಂದು ಪ್ರತೀತಿ. ‘ಮನೇಲಿ ಕೂರಕ್ಕಾಗ್ಲಿಲ್ಲ,’ ಎಂದಳು. ‘ಗಾಡಿ ಇಲ್ಲೇ ಇರ್ಲಿ, ಸಂಜೆ ತಂಗಿ ಬಂದು ಒಯ್ತಾಳೆ. ಹಣ್ಣಿನ ಕೇಕ್ ತಂದಿದ್ದೀನಿ. ನೆವ್, ನಿಂಗೆ ಹಲ್ಲಿದ್ರೆ ತಿನ್ನು.’ ಬೈಕಿನ ಸುತ್ತ ಒಂದು ಸುತ್ತು ಬಂದಳು. ಕೊಂಬಿನ ಹಿಡಿಯನ್ನು ಮುಂದೆ ತಳ್ಳಿ, ಹಿಂದೆ ಎಳೆದು, ಗೇರು ಕಟ್ ಕಟ್ ಎಂದು ಬೀಳುವುದನ್ನು ಕಿವಿಗೊಟ್ಟು ಕೇಳಿದಳು. ಆಮೇಲೆ ಸೀಟನ್ನು ಹಿಡಿದು ಬಗ್ಗಿ ಲಿವರನ್ನು ನೋಡಿದಳು. ಬೆರಳ ತುದಿಯಿಂದ ಅದರ ಉದ್ದಕ್ಕೂ ಸವರಿದಳು, ಹೋದವರು ತಿರುಗಿ ಬಂದಾಗ ಮುಖ ಸವರುವಂತೆ.

‘ಮುರಿದಿತ್ತು ಅಂದ್ಯಲ್ಲ. ಬೆಸುಗೆ ಎಲ್ಲಿ?’

ನೆವ್ ಜೇಬಿಗೆ ಕೈ ಹಾಕಿ ಸೀಮೆಸುಣ್ಣ ಹಿಡಿದು ಕಾದ. ಉತ್ತರ ಕ್ಲಾರಿಯ ನಾಲಿಗೆಯ ಮೇಲೆ ಸಿದ್ಧವಾಗಿ ನಿಂತಿತ್ತು: ನನ್ನ ಬೆಸುಗೆ ಕಣ್ಣಿಗೆ ಕಾಣುವಂಥದಲ್ಲ, ಸಿಡ್ನಿಯಿಂದ ಎಂಜಿನಿಯರುಗಳು ಭೂತಗನ್ನಡಿ ತಂದು ನೋಡಿ ಸೋತು ಹೋಗಿದ್ದಾರೆ. ಎಷ್ಟು ಸುಲಭವಿತ್ತು. ಎಲ್ಲರೂ ನಗುತ್ತಿದ್ದರು, ಕೇಕು ತಿನ್ನುತ್ತಿದ್ದರು. ಆದರೆ ಅವಳ ಬೆರಳು ಇನ್ನೂ ಲಿವರಿನ ಮೇಲಿತ್ತು, ಮತ್ತು ಅವಳು ಅವನನ್ನಲ್ಲ, ತನ್ನ ಎಡಗಾಲಿದ್ದ ಜಾಗವನ್ನು ನೋಡುತ್ತಿದ್ದಳು, ತಪ್ಪು ಮಾಡಿ ಒಪ್ಪಿಕೊಳ್ಳದ ಮಗುವನ್ನು ನೋಡುವ ತಾಯಿಯ ಹಾಗೆ.

‘ಮುರಿದಿರ್ಲಿಲ್ಲ ಬ್ರೈಡಿ,’ ಎಂದ. ತನ್ನದೇ ದನಿ ತಗಡಿನ ಆಚೆಯಿಂದ ಬಂದಂತಿತ್ತು. ‘ಬೋಲ್ಟ್ ಬಿಗಿ ಮಾಡಿರ್ಲಿಲ್ಲ. ನಾನು. ಸರ್ವಿಸ್ ದಿನ ಮಾತಾಡ್ತಾ ಮಾತಾಡ್ತಾ ಮರ್ತೆ. ನೀನು ಸರಿಯಾಗೇ ಒತ್ತಿದೀಯ. ಲಿವರೇ ಜಾರ್ತು. ನಿನ್ನ ಕಾಲು ತಪ್ಪಿಲ್ಲ.’

ಹೊರಗೆ ಯಾವುದೋ ತಗಡು ಬಿಸಿಲಿಗೆ ಹಿಗ್ಗಿ ಟಣ್ ಎಂದಿತು. ನೆವ್ ಡ್ರಮ್ಮಿನಿಂದ ಎದ್ದ. ಕೊಕ್ಕೆಯ ಸೊಂಟವನ್ನು ಹಿಡಿದುಕೊಂಡು ನಿಧಾನವಾಗಿ ಗೋಡೆಯ ಬಳಿಗೆ ಹೋಗಿ, ಜಾಗ ಹುಡುಕಿ, ಒಂದು ಉದ್ದ ಗೆರೆ ಎಳೆದ.

‘ಕ್ಲಾರಿ ಹಾಸ್ಕಿನ್ ಬೋಲ್ಟ್ ಬಿಗಿ ಮಾಡೋದು ಮರ್ತ,’ ಎಂದ. ‘ಹನ್ನೆರಡು ವರ್ಷದಲ್ಲಿ ಇಷ್ಟು ದೊಡ್ಡದು ಹೇಳಿರ್ಲಿಲ್ಲ ಕಣಯ್ಯ.’

ಬ್ರೈಡಿ ನಕ್ಕಳು. ಅವಳು ನಗುವುದನ್ನು ಅವನು ಹನ್ನೊಂದು ತಿಂಗಳಿಂದ ಕೇಳಿರಲಿಲ್ಲ. ‘ನನ್ನ ಕಾಲು ಹೋದ್ರೆ ಅದ್ರಲ್ಲೂ ನೀನೇ ಹೆಸರು ಮಾಡ್ಬೇಕಾ?’

‘ನಿಜ ಹೇಳ್ತಿದ್ದೀನಿ. ಕೇಳು…’

‘ಸಾಕು.’ ಅವಳು ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟಳು, ನೆವ್‌ಗೆ ಕೇಳದಂತೆ ದನಿ ತಗ್ಗಿಸಿದಳು. ‘ಫೋನಲ್ಲಿ ನಾನು ಹೇಳಿದ್ದನ್ನ ಮನಸ್ಸಿಗೆ ಹಚ್ಕೊಂಡಿದ್ದೀಯ ಅಂತ ಗೊತ್ತಾಯ್ತು. ನಂಗೆ ಧೈರ್ಯ ಬರ್ಲಿ ಅಂತ ತಪ್ಪನ್ನ ನಿನ್ನ ಮೈಮೇಲೆ ಹಾಕ್ಕೊಂಡೆ. ಒಳ್ಳೇ ಸುಳ್ಳು ಕಣೋ. ಇವತ್ತು ಅದೇ ಬೇಕಾಗಿತ್ತು ನಂಗೆ. ಥ್ಯಾಂಕ್ಸ್.’

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು, ಬಯ್ಗುಳಕ್ಕೆ ಹನ್ನೊಂದು ತಿಂಗಳಿಂದ ಎದೆ ಒಡ್ಡಿ ಅಭ್ಯಾಸ ಮಾಡಿದ್ದ. ಈ ಥ್ಯಾಂಕ್ಸನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಅವಳು ಬೈಕು ಹೊರಗೆ ತಳ್ಳಿದಳು, ಬಲಗಡೆಯಿಂದ ಹತ್ತಿದಳು, ಕೃತಕ ಕಾಲನ್ನು ಕೈಯಿಂದ ಎತ್ತಿ ಅಯಸ್ಕಾಂತದ ಮೇಲಿಟ್ಟಳು, ಅದು ಟಕ್ ಎಂದು ಕಚ್ಚಿಕೊಂಡಿತು. ಬಲಗಾಲಿನ ಒಂದೇ ಒದೆತಕ್ಕೆ ಎಂಜಿನ್ನು ಎದ್ದಿತು. ಕೆಂಪು ಧೂಳು ಅವಳ ಬೆನ್ನನ್ನು ಮುಚ್ಚುವವರೆಗೆ ಅವನು ಬಾಗಿಲಲ್ಲೇ ನಿಂತಿದ್ದ. ಒಳಗೆಲ್ಲೋ ಒಂದು ಹಗುರ ಏಳುತ್ತಿತ್ತು, ನಾಚಿಕೆಯಿಲ್ಲದ, ಸಿಹಿಯಾದ ಹಗುರ: ಹೇಳಿದ್ದಾಯಿತು. ಅವಳು ನಂಬದಿದ್ದರೆ ಅದು ತನ್ನ ತಪ್ಪೇ? ಇನ್ನು ಮೇಲೆ ಆ ಡಬ್ಬಿ ಬರೀ ಡಬ್ಬಿ. ಒಂದು ಚೂರು ಕೇಕನ್ನು ಬಾಯಿಗಿಟ್ಟುಕೊಂಡ. ತಿರುಗಿದಾಗ ಮೊಳೆಗೆ ನೇತಾಡುತ್ತಿದ್ದ ಹತ್ತನೇ ನಂಬರಿನ ಸ್ಪ್ಯಾನರ್ ಕಂಡಿತು. ಒರೆಸಿದ್ದು, ಹೊಳೆಯುತ್ತಿತ್ತು. ಇವತ್ತು ಅದನ್ನು ಮೊಳೆಯಿಂದ ತೆಗೆದೆನೇ?

ಬೆರಳಲ್ಲಿ ಕೂರಿಸಿದ್ದು ನೆನಪಿತ್ತು. ಗಾಡಿಯ ಸದ್ದು ನೆನಪಿತ್ತು. ಆಮೇಲೆ ಮಾತು. ಬರೀ ಮಾತು. ಅದು ಯಾವುದಕ್ಕೂ ಜೋಡಿಸದ ಲಿವರ್, ಕಳಚಿಬಿದ್ದರೂ ಬೈಕಿಗೆ ಏನೂ ಆಗುವುದಿಲ್ಲ, ದಕ್ಷಿಣಾರ್ಧದ ಯಾವ ಮೆಕ್ಯಾನಿಕ್ಕಾದರೂ ಹಾಗೇ ಹೇಳುತ್ತಾನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಲೇ ಅವನು ಸ್ಪ್ಯಾನರ್ ಕಿತ್ತುಕೊಂಡು ತನ್ನ ಲಾರಿಗೆ ಓಡುತ್ತಿದ್ದ. ‘ಎಲ್ಲಿಗೋ?’ ಎಂದು ನೆವ್ ಕೂಗಿದ. ಬಾಯಲ್ಲಿ ಕೇಕಿತ್ತು. ಆ ಕಾಲು ಹುಡುಕುತ್ತದೆ, ಒತ್ತುತ್ತದೆ, ಲಿವರ್ ಜಾರುತ್ತದೆ. ಅವಳು ಹೇಳಿದ್ದಳಲ್ಲ, ಬಿದ್ಬಿಡ್ತೀನಿ ಎಂದು. ಹಾದಿಯ ಜಲ್ಲಿಕಲ್ಲುಗಳು ಲಾರಿಯ ಹೊಟ್ಟೆಗೆ ಗುಂಡಿನಂತೆ ಬಡಿಯುತ್ತಿದ್ದವು. ಎದುರು ಬಂದ ಎಮು ಹಕ್ಕಿಯೊಂದು ಅವನ ಮುಖ ನೋಡಿಯೇ ದಾರಿ ಬಿಟ್ಟಿತು. ಊರು ದಾಟಿ ಎಂಟನೆಯ ಮೈಲಿಯಲ್ಲಿ ಅವಳ ಚಕ್ರದ ಗುರುತು ದಾರಿ ಬಿಟ್ಟು ತೊರೆಯ ಕಡೆಗೆ ತಿರುಗಿತ್ತು. ಅದೇ ತೊರೆ, ಅದೇ ಜಾಗ. ಅವಳು ಬೇರೆಲ್ಲಿಗೆ ಹೋದಾಳು.

ಒಣ ತೊರೆಯ ಮರಳಿನಲ್ಲಿ, ದಡಕ್ಕೆ ಎದುರಾಗಿ, ಬಲಗಾಲು ಊರಿ ಅವಳು ನಿಂತಿದ್ದಳು. ಎಂಜಿನ್ನು ಓಡುತ್ತಿತ್ತು. ಹತ್ತಿರಲಿಲ್ಲ, ಹಿಂದಕ್ಕೂ ಹೋಗಿರಲಿಲ್ಲ. ಅವನು ಇಳಿದು, ಮರಳಲ್ಲಿ ಮುಗ್ಗರಿಸುತ್ತ, ಒಂದೂ ಮಾತಾಡದೆ ಅವಳ ಎಡಕ್ಕೆ ಹೋಗಿ ಮಂಡಿಯೂರಿದ. ಸ್ಪ್ಯಾನರನ್ನು ಬೋಲ್ಟಿಗೆ ಕಚ್ಚಿಸಿದ. ಅದು ತಿರುಗದಿರಲಿ ಎಂದು ಅವನು, ಯಾವ ದೇವರಿಗೂ ಎಂದೂ ಏನನ್ನೂ ಕೇಳದವನು, ಕೇಳಿಕೊಂಡ. ಬೋಲ್ಟು ತಿರುಗಿತು. ಸಲೀಸಾಗಿ, ಬೆಣ್ಣೆಯಲ್ಲಿ ತಿರುಗಿದಂತೆ. ಮತ್ತೆ ತಿರುಗಿತು. ಆಮೇಲೆ ಬಿಗಿದು ನಿಂತಿತು.

ಅವನು ಮೇಲೆ ನೋಡಲಿಲ್ಲ. ಅವಳು ಎಂಜಿನ್ನು ಆರಿಸಿದಳು. ತೊರೆಯ ಮೌನ ಕಿವಿಯೊಳಕ್ಕೆ ನುಗ್ಗಿತು.

‘ಎಷ್ಟು ತಿರುಗ್ತು?’ ಎಂದಳು.

‘ಒಂದೂವರೆ ಸುತ್ತು.’

ಮರಳಿನ ಮೇಲೆ ಅವಳ ನೆರಳು, ಟೋಪಿಯ ಅಂಚು, ಅಲುಗದೆ ಬಿದ್ದಿತ್ತು. ಶೆಡ್ಡಿನಲ್ಲಿ ಅವನು ಹೇಳಿದ್ದು ನಿಜವೆಂದು ಅವಳು ತಿಳಿದುಕೊಳ್ಳುತ್ತಿರುವುದು ಆ ನೆರಳಿನಲ್ಲೇ ಕಾಣುತ್ತಿತ್ತು.

‘ಅವತ್ತು ಎಷ್ಟಿತ್ತು?’

ನಾಲಿಗೆಯ ತುದಿಗೆ ಇಪ್ಪತ್ತು ಬಂತು. ತಪ್ಪು ಮಾಡಿದರೂ ದೊಡ್ಡದಾಗಿ ಮಾಡಿದವನೆನ್ನಿಸಿಕೊಳ್ಳುವ ಆಸೆ ಆ ಮರಳಿನಲ್ಲೂ ಸತ್ತಿರಲಿಲ್ಲ. ಅದರ ಬೆನ್ನಿಗೇ ಅರ್ಧ ಎಂಬುದೂ ಬಂತು. ಅರ್ಧ ಸುತ್ತು ಯಾರಿಗಾದರೂ ತಪ್ಪುತ್ತದೆ, ಅರ್ಧವನ್ನು ಕ್ಷಮಿಸಬಹುದು.

‘ಎರಡು,’ ಎಂದ.

‘ಎರಡು.’

‘ಹ್ಞೂಂ.’

‘ಹನ್ನೊಂದು ತಿಂಗಳು ನಾನು ಆ ಕಾಲಿಗೆ ಬಯ್ದಿದ್ದೀನಿ ಕ್ಲಾರಿ,’ ಎಂದಳು ಬ್ರೈಡಿ. ದನಿ ಏರಲಿಲ್ಲ. ‘ಇಲ್ದೇ ಇರೋ ಕಾಲಿಗೆ.’

ಅವಳು ಕೈ ಚಾಚಿದಳು. ಹೊಡೆಯುತ್ತಾಳೆಂದುಕೊಂಡ, ಹೊಡೆಯಲಿ ಎಂದು ಮುಖವನ್ನು ಸ್ವಲ್ಪ ಮೇಲೆತ್ತಿದ ಕೂಡ. ‘ಸ್ಪ್ಯಾನರ್ ಕೊಡು,’ ಎಂದಳು. ಕೊಟ್ಟ. ಅವಳು ಸೀಟಿನಿಂದಲೇ ಬಗ್ಗಿ, ಸ್ಪ್ಯಾನರನ್ನು ಬೋಲ್ಟಿಗೆ ಹಾಕಿ, ಹಲ್ಲು ಕಚ್ಚಿ ಇನ್ನೂ ಒಂದಿಷ್ಟು ಬಿಗಿದಳು. ಲಿವರನ್ನು ಹಿಡಿದು ಅಲ್ಲಾಡಿಸಿ ನೋಡಿದಳು. ಆಮೇಲೆ ಟ್ಯಾಂಕಿನ ಪಕ್ಕದ ಕಡ್ಡಿಯ ಎರಡು ಬೋಲ್ಟುಗಳನ್ನು, ಕೊಂಬಿನ ಹಿಡಿಯದನ್ನು, ಒಂದೊಂದಾಗಿ ನೋಡಿದಳು. ಅವನು ಮಂಡಿಯೂರಿಯೇ ಇದ್ದ. ಮರಳು ಪ್ಯಾಂಟಿನ ಬಟ್ಟೆ ದಾಟಿ ಮಂಡಿ ಸುಡುತ್ತಿತ್ತು, ಏಳಲು ಯಾರೋ ಅಪ್ಪಣೆ ಕೊಡಬೇಕೆಂಬಂತೆ ಕಾಯುತ್ತಿದ್ದ. ಎಲ್ಲ ಮುಗಿದ ಮೇಲೆ ಅವಳು ಸ್ಪ್ಯಾನರನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದಳು. ವಾಪಸು ಕೊಡಲಿಲ್ಲ. ಅವನೂ ಕೇಳಲಿಲ್ಲ.

ಎಂಜಿನ್ನು ಎದ್ದಿತು. ಎಡಗೈ ಕೊಂಬನ್ನು ಮುಂದೆ ತಳ್ಳಿದ ಆ ಗಳಿಗೆಯಲ್ಲೇ ಅವಳ ಎಡತೊಡೆ, ಕತ್ತರಿಸಿ ಉಳಿದಷ್ಟು ತೊಡೆ, ಬಟ್ಟೆಯೊಳಗೆ ಒಮ್ಮೆ ಬಿಗಿದು ಸಡಿಲವಾದದ್ದನ್ನು ಅವನು ಕಂಡ. ಬೈಕು ದಡಕ್ಕೆ ಮುಖವೆತ್ತಿತು, ಮಣ್ಣು ಉದುರಿಸಿತು, ನಡುವೆ ಒಮ್ಮೆ ತಡವರಿಸಿದಂತಾಯಿತು, ಹತ್ತಿತು. ಆಚೆ ಬಯಲಿನಲ್ಲಿ ಎರಡನೆಯ ಗೇರು ಬಿದ್ದದ್ದು ಕೇಳಿಸಿತು, ಆಮೇಲೆ ಮೂರನೆಯದು. ಅವಳು ತಿರುಗಿ ನೋಡಲಿಲ್ಲ. ಸದ್ದು ಪೂರ್ತಿ ಕರಗುವವರೆಗೆ ಅವನು ಬರಿಗೈಯಲ್ಲಿ ಆ ದಡವನ್ನು ನೋಡುತ್ತ ಕೂತಿದ್ದ.

ಸಂಜೆ ಹೋಟೆಲಿನ ಕಟ್ಟೆಗೆ ಒರಗಿದ್ದವರು, ಏನಯ್ಯ, ಬ್ರೈಡಿ ಮತ್ತೆ ಅದೇ ದಡ ಹತ್ತಿದಳಂತೆ, ಎಷ್ಟು ಎತ್ತರ ಅಂದಿದ್ದೆ ಅದು, ಎಂದು ಅವನ ಬಾಯಿ ಬಿಡಿಸಲು ನೋಡಿದರು. ನೆವ್ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದ. ಕ್ಲಾರಿ ತನ್ನ ಗ್ಲಾಸನ್ನು ಕೆಳಗಿಟ್ಟ.

‘ಎಂಟಡಿ,’ ಎಂದ.